ಸರ್ವರ್ ಸ್ಪೀಡ್ ಹತ್ತು ಸೆಕೆಂಡಿಗೊಮ್ಮೆ ಬೀಳುತ್ತಿದೆ, ಲಿಂಕ್ ಕೆಟ್ಟಿದೆಯಾ?

ಪ್ರಶ್ನೆ:
ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಎರಡು ಲಿನಕ್ಸ್ ಸರ್ವರ್ ಇವೆ. ನಡುವೆ 1 ಗಿಗಾಬಿಟ್ ಲಿಂಕ್, ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ಸುಮಾರು 20 ಮಿಲಿಸೆಕೆಂಡ್. ಬ್ಯಾಕಪ್ 940 ಮೆಗಾಬಿಟ್‌ನಲ್ಲಿ ಚೆನ್ನಾಗಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಸೆಕೆಂಡ್ 730ರ ಹತ್ತಿರ ಇಳಿದು ಮತ್ತೆ ಏರುತ್ತದೆ. ಗಡಿಯಾರ ಇಟ್ಟಂತೆ, ಹತ್ತು ಸೆಕೆಂಡಿಗೊಮ್ಮೆ! ಡಿಸ್ಕ್ ಸಮಸ್ಯೆ ಇರಬಹುದು ಎಂದು ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿದೆ. ಅದು ಮೆಮೊರಿಯಿಂದ ಮೆಮೊರಿಗೆ ಕಳಿಸುತ್ತದೆ ಅಲ್ವಾ, ಅಲ್ಲೂ ಅದೇ ಕುಸಿತ. ಸಿಪಿಯು ಮೇಲೆ ಹೊರೆಯೇ ಇಲ್ಲ. ಇದೇ ಲಿಂಕ್ ಮೇಲೆ ಡೇಟಾಬೇಸ್ ರೆಪ್ಲಿಕೇಶನ್ (ಡೇಟಾಬೇಸ್‌ನ ಪ್ರತಿಯನ್ನು ಇನ್ನೊಂದು ಸರ್ವರ್‌ನಲ್ಲಿ ಸದಾ ಹೊಂದಿಸಿಡುವುದು) ಕೂಡ ಇದೆ, ಅದಕ್ಕೇ ಚಿಂತೆ.

ಉತ್ತರ 1:
ಮೊದಲು ನೆಟ್‌ವರ್ಕ್ ಕಾರ್ಡ್ ನೋಡಿ. ಕಾರ್ಡ್‌ನ ಲೆಕ್ಕ ತೋರಿಸುವ ಈಥ್‌ಟೂಲ್ ಕಮಾಂಡ್‌ನಲ್ಲಿ ಡ್ರಾಪ್, ಮಿಸ್ಡ್, ಪಾಜ್ ಫ್ರೇಮ್ (ಸ್ವಲ್ಪ ನಿಲ್ಲಿಸು ಎನ್ನುವ ಸಂಕೇತ) ಕೌಂಟರ್‌ಗಳು ಏರುತ್ತಿವೆಯಾ? ಏರುತ್ತಿದ್ದರೆ ರಿಂಗ್ ಬಫರ್ (ಕಾರ್ಡ್‌ನ ಪ್ಯಾಕೆಟ್‌ಗಳು ಕಾಯುವ ಜಾಗ) ದೊಡ್ಡದು ಮಾಡಿ. ಐಆರ್‌ಕ್ಯೂ ಬ್ಯಾಲೆನ್ಸ್ ಸೇವೆ ಕೂಡ ಡಿಫಾಲ್ಟ್ ಆಗಿ 10 ಸೆಕೆಂಡಿಗೊಮ್ಮೆ ಎದ್ದು ಇಂಟರಪ್ಟ್‌ಗಳನ್ನು (ಸಾಧನಗಳು ಸಿಪಿಯು ಗಮನ ಸೆಳೆಯುವ ಸಂಕೇತಗಳು) ಸಿಪಿಯು ಕೋರ್‌ಗಳಿಗೆ ಹಂಚುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ಕೌಂಟರ್‌ಗಳೆಲ್ಲ ಸೊನ್ನೆ. ಆ ಸೇವೆ ನಿಲ್ಲಿಸಿದರೂ ವ್ಯತ್ಯಾಸ ಇಲ್ಲ. ಆದರೆ ಯುಡಿಪಿಯಲ್ಲಿ (ತಾನಾಗಿ ವೇಗ ಹೊಂದಿಸಿಕೊಳ್ಳದೆ ಕಳಿಸುವ ವಿಧಾನ) 900 ಮೆಗಾಬಿಟ್ ಕಳಿಸಿದಾಗ ಒಂದು ಸಲವೂ ಕುಸಿಯಲಿಲ್ಲ. ಟಿಸಿಪಿಯಲ್ಲಿ ನಾಲ್ಕು ಸ್ಟ್ರೀಮ್ ಒಟ್ಟಿಗೆ ಹಾಕಿದರೆ ನಾಲ್ಕೂ ಒಂದೇ ಹೊತ್ತಿಗೆ ಬೀಳುತ್ತವೆ. ಇದು ವಿಚಿತ್ರ ಅನಿಸಿತು.

ಉತ್ತರ 2:
ಆ ಯುಡಿಪಿ ಪರೀಕ್ಷೆಯೇ ಅರ್ಧ ಉತ್ತರ ಹೇಳಿಬಿಟ್ಟಿದೆ. ದಾರಿ ಸರಿಯಾಗಿದೆ, ಕಾರ್ಡ್ ಸರಿಯಾಗಿದೆ. ಟಿಸಿಪಿಯೇ ತಾನಾಗಿ ವೇಗ ಇಳಿಸುತ್ತಿದೆ. ಕಳಿಸುವ ಸರ್ವರ್‌ನಲ್ಲಿ ಕಂಜೆಶನ್ ಕಂಟ್ರೋಲ್ (ಎಷ್ಟು ವೇಗದಲ್ಲಿ ಕಳಿಸಬೇಕೆಂದು ಟಿಸಿಪಿ ನಿರ್ಧರಿಸುವ ವಿಧಾನ) ಯಾವುದಿದೆ ನೋಡಿ. ಬಿಬಿಆರ್ ಇರಬೇಕು ಎನ್ನುವುದು ನನ್ನ ಅಂದಾಜು. ಅದು ಪ್ಯಾಕೆಟ್ ನಷ್ಟಕ್ಕಿಂತ ದಾರಿಯ ವೇಗ ಮತ್ತು ವಿಳಂಬ ಅಳೆದು ನಡೆಯುವ ವಿಧಾನ.

ಬಿಬಿಆರ್ ಕೆಲಸ ಮಾಡಲು ದಾರಿಯ ಅತಿ ಕಡಿಮೆ ವಿಳಂಬ ಎಷ್ಟು ಎಂದು ಗೊತ್ತಿರಬೇಕು. ಆದರೆ ತಾನೇ ಲಿಂಕ್ ತುಂಬಿಸುತ್ತಿರುವಾಗ ರೂಟರ್‌ಗಳ ಕ್ಯೂನಲ್ಲಿ ಪ್ಯಾಕೆಟ್‌ಗಳು ನಿಂತಿರುತ್ತವೆ, ಅಳತೆ ಜಾಸ್ತಿ ಬರುತ್ತದೆ. ಹಾಗಾಗಿ 10 ಸೆಕೆಂಡ್‌ನಲ್ಲಿ ತಾನು ಗುರುತಿಟ್ಟುಕೊಂಡ ಕನಿಷ್ಠ ವಿಳಂಬದಷ್ಟು ಅಥವಾ ಅದಕ್ಕಿಂತ ಕಡಿಮೆ ಕಾಣದಿದ್ದರೆ, ಕ್ಯೂ ಖಾಲಿಯಾಗಲಿ ಎಂದು ವಿಂಡೋವನ್ನು (ಉತ್ತರ ಬರುವ ಮುನ್ನ ದಾರಿಯಲ್ಲಿ ಇರಬಹುದಾದ ಪ್ಯಾಕೆಟ್‌ಗಳ ಮಿತಿ) ಬರೀ 4 ಪ್ಯಾಕೆಟ್‌ಗೆ ಇಳಿಸಿ ಕನಿಷ್ಠ 200 ಮಿಲಿಸೆಕೆಂಡ್ ಕಾಯುತ್ತದೆ. ನಿಮ್ಮ 20 ಮಿಲಿಸೆಕೆಂಡ್ ದಾರಿಯಲ್ಲಿ 4 ಪ್ಯಾಕೆಟ್ ಅಂದರೆ ಸೆಕೆಂಡಿಗೆ ಸುಮಾರು 2.3 ಮೆಗಾಬಿಟ್, ಹೆಚ್ಚುಕಡಿಮೆ ನಿಂತ ಹಾಗೆ. ಒಂದು ಸೆಕೆಂಡಿನ ಸರಾಸರಿಯಲ್ಲಿ ಅದು 730 ಆಗಿ ಕಾಣುತ್ತದೆ, ಅಷ್ಟೇ. ಐಪರ್ಫ್ ಇಂಟರ್ವಲ್ ಅನ್ನು 0.1 ಸೆಕೆಂಡಿಗೆ ಇಡಿ, ಎರಡು ಸಾಲು ಸೊನ್ನೆಯ ಹತ್ತಿರ ಬರುತ್ತವೆ. ನಾಲ್ಕು ಸ್ಟ್ರೀಮ್ ಒಟ್ಟಿಗೆ ಬೀಳುವುದಕ್ಕೂ ಇದೇ ಕಾರಣ. ಒಂದು ಇಳಿದು ಕ್ಯೂ ಕರಗಿದಾಗ ಉಳಿದವಕ್ಕೂ ಕಡಿಮೆ ವಿಳಂಬ ಕಾಣುತ್ತದೆ. ಎಲ್ಲದರ 10 ಸೆಕೆಂಡ್ ಎಣಿಕೆಯೂ ಆಗಲೇ ಶುರುವಾಗುತ್ತದೆ.

ಖಚಿತ ಮಾಡಿಕೊಳ್ಳಲು ಐಪರ್ಫ್‌ನಲ್ಲೇ ಕ್ಯೂಬಿಕ್ (ಪ್ಯಾಕೆಟ್ ಕಳೆದಾಗ ವೇಗ ಇಳಿಸುವ ಇನ್ನೊಂದು ಕಂಜೆಶನ್ ಕಂಟ್ರೋಲ್) ಆರಿಸಿ ಓಡಿಸಿ. ಸಿಸ್ಟಮ್ ಸೆಟ್ಟಿಂಗ್ ಮುಟ್ಟುವ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರು:
ಬಿಬಿಆರ್ ಇತ್ತು! 0.1 ಸೆಕೆಂಡಿನ ಸಾಲುಗಳಲ್ಲಿ ನೀವು ಹೇಳಿದ ಹಾಗೇ ಕಂಡಿತು. ಕ್ಯೂಬಿಕ್ ಹಾಕಿದರೆ ಆ ಕುಸಿತ ಇಲ್ಲ. ಆದರೆ ಎಲ್ಲೋ ಒಂದು ಪ್ಯಾಕೆಟ್ ಕಳೆದುಹೋದಾಗ ಸ್ಪೀಡ್ ಇಳಿದು ಮೇಲೆ ಬರಲು ಹೊತ್ತು ಹಿಡಿಯುತ್ತದೆ. ಹಾಗಾದರೆ ಯಾವುದು ಇಟ್ಟುಕೊಳ್ಳಲಿ?

ಉತ್ತರ 2:
ಬ್ಯಾಕಪ್‌ಗೆ ಬಿಬಿಆರ್ ಇರಲಿ. ಹತ್ತು ಸೆಕೆಂಡಿನಲ್ಲಿ ಹೋಗುವುದು ಶೇಕಡಾ 2ರಷ್ಟು ಮಾತ್ರ, ಪ್ಯಾಕೆಟ್ ನಷ್ಟವಿರುವ ದಾರಿಯಲ್ಲಿ ಅದು ಒಳ್ಳೆಯ ವ್ಯಾಪಾರ. ರೆಪ್ಲಿಕೇಶನ್‌ಗೆ ಆ 200 ಮಿಲಿಸೆಕೆಂಡ್ ತಡೆದುಕೊಳ್ಳಲು ಆಗದಿದ್ದರೆ, ಆ ಡೇಟಾಬೇಸ್ ಸರ್ವರ್‌ನ ವಿಳಾಸಕ್ಕೆ ಪ್ರತ್ಯೇಕ ರೂಟ್ ಹಾಕಿ ಅದಕ್ಕೆ ಮಾತ್ರ ಕ್ಯೂಬಿಕ್ ಕೊಡಿ. ಐಪಿ ರೂಟ್ ಕಮಾಂಡ್‌ನಲ್ಲಿ ಕಾಂಗ್‌ಸಿಟಿಎಲ್ ಎನ್ನುವ ಆಯ್ಕೆ ಇರುವುದು ಇದಕ್ಕೇ. ಎರಡೂ ಒಂದೇ ವಿಳಾಸದಲ್ಲಿದ್ದರೆ ಇದು ಆಗುವುದಿಲ್ಲ, ಆಗ ರೆಪ್ಲಿಕೇಶನ್‌ಗೆ ಎರಡನೇ ಐಪಿ ಕೊಡಬೇಕಾಗುತ್ತದೆ.