ಸಂಗೀತ ನಾಟಕಗಳಲ್ಲಿ ಟ್ಯಾಪ್ ನೃತ್ಯದ ಹೆಜ್ಜೆಸದ್ದನ್ನು ಕೊನೆಯ ಸಾಲಿಗೆ ತಲುಪಿಸುವುದು ಹೇಗೆ?

ಮೇಲಂತಸ್ತು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2017ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ ಎಂಬ ಸಂಗೀತ ನಾಟಕವನ್ನು ನೋಡಿದೆ. 1980ರಲ್ಲಿ ನಿರ್ದೇಶಕ ಗೋವರ್ ಚಾಂಪಿಯನ್ ಅದನ್ನು ನ್ಯೂಯಾರ್ಕಿನ ಬ್ರಾಡ್‌ವೇಗೆ ತಂದಂದಿನಿಂದಲೂ ಅದರ ಆರಂಭ ಹೆಸರುವಾಸಿ. ಪರದೆ ನೆಲದಿಂದ ಸ್ವಲ್ಪವೇ ಮೇಲೇರಿ ನಿಂತುಬಿಡುತ್ತದೆ. ಸಾಲುಗಟ್ಟಿ ಟ್ಯಾಪ್ ಮಾಡುತ್ತಿರುವ, ಎಂದರೆ ಲೋಹದ ತುಂಡು ಜಡಿದ ಶೂಗಳಿಂದ ನೆಲವನ್ನು ಲಯಬದ್ಧವಾಗಿ ಬಡಿಯುತ್ತಿರುವ ಪಾದಗಳಷ್ಟೇ ಕಾಣುತ್ತವೆ. ನಾನು ಕುಳಿತಿದ್ದುದು ಮೇಲಂತಸ್ತಿನ ಹಿಂದಿನ ಸಾಲುಗಳಲ್ಲಿ. ರಂಗದ ಮುಂದೆ ವಾದ್ಯಗಾರರು ಕೂರುವ ತಗ್ಗಾದ ಪಿಟ್‌ನಲ್ಲಿ ಟ್ರಂಪೆಟ್, ಟ್ರೊಂಬೋನ್, ಡ್ರಮ್ಸ್ ಎಲ್ಲವೂ ಜೋರಾಗಿ ನುಡಿಯುತ್ತಿದ್ದರೂ ಹೆಜ್ಜೆಸದ್ದು ಅವುಗಳಲ್ಲಿ ಮುಳುಗಲಿಲ್ಲ. ಅದಕ್ಕಿಂತ ಅಚ್ಚರಿಯೆಂದರೆ, ಆ ಸದ್ದು ಸ್ಪೀಕರಿನಿಂದ ಬರುತ್ತಿದೆ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ, ಪಾದಗಳಿಂದಲೇ ಬರುತ್ತಿರುವಂತಿತ್ತು.

ಹಾಡುವ ನಟರಿಗೆ ಹಣೆಯ ಬಳಿ, ಕೂದಲಿನ ಅಂಚಿನಲ್ಲಿ ಪುಟ್ಟ ಮೈಕ್ ಅಂಟಿಸುತ್ತಾರೆಂಬುದು ಗೊತ್ತು. ಕಾಲಿನ ಸದ್ದನ್ನು ಹಿಡಿಯುವ ಮೈಕ್ ಎಲ್ಲಿರುತ್ತದೆ? ಅದು ವಾದ್ಯಗಳ ಸದ್ದನ್ನೂ ಹಿಡಿದುಬಿಡುವುದಿಲ್ಲವೇ? ನಾನಿರುವ ಊರಿನ ಹವ್ಯಾಸಿ ತಂಡವೊಂದು ಎಂಟು ಮಂದಿ ಟ್ಯಾಪ್ ಕಲಾವಿದರಿರುವ ಚಿಕ್ಕ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದು, ಧ್ವನಿಯ ಕೆಲಸದಲ್ಲಿ ನೆರವಾಗಲು ಒಪ್ಪಿಕೊಂಡಿದ್ದೇನೆ. ಬಲ್ಲವರು ಸ್ವಲ್ಪ ವಿವರವಾಗಿಯೇ ತಿಳಿಸಿದರೆ ಉಪಕಾರವಾಗುತ್ತದೆ.

ಧ್ವನಿಫಲಕ

ಒಳ್ಳೆಯ ಪ್ರಶ್ನೆ. ರಂಗಭೂಮಿಯ ಧ್ವನಿ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಟ್ಯಾಪ್ ಸದ್ದನ್ನು ಜೋರು ಮಾಡುವುದು ಕಷ್ಟವಲ್ಲ. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವಿನ ತೆರಪನ್ನು ಕೆಡಿಸದೆ ಜೋರು ಮಾಡುವುದು ಕಷ್ಟ. ನಿಮಿಷಕ್ಕೆ 200 ಬಡಿತಗಳ ವೇಗದಲ್ಲಿ ಪ್ರತಿ ಬಡಿತಕ್ಕೆ ನಾಲ್ಕು ಹೆಜ್ಜೆಸದ್ದು ಬಂದರೆ ಎರಡು ಸದ್ದುಗಳ ನಡುವೆ ಇರುವುದು 75 ಮಿಲಿಸೆಕೆಂಡ್ ಮಾತ್ರ. ಆ ಅಲ್ಪಾವಧಿಯಲ್ಲಿ ಸಭಾಂಗಣದ ಪ್ರತಿಧ್ವನಿಯೋ ಇನ್ನೊಂದು ಮೈಕಿನ ತಡವಾದ ಸದ್ದೋ ತುಂಬಿಕೊಂಡರೆ ಲಯ ಕಲಸಿಹೋಗುತ್ತದೆ. ಅಲ್ಲಿಂದ ಮುಂದೆ ಫೇಡರನ್ನು (ಮೈಕುಗಳ ಸದ್ದನ್ನು ಬೆರೆಸುವ ಮಿಕ್ಸರಿನಲ್ಲಿ ಸದ್ದನ್ನು ಏರಿಸಿಳಿಸುವ ಜಾರುಗುಂಡಿ) ಎಷ್ಟು ಏರಿಸಿದರೂ ಹೆಚ್ಚುವುದು ಗದ್ದಲವೇ.

ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮವೆಂದರೆ ರಂಗದ ಮುಂದಿನ ಅಂಚಿನುದ್ದಕ್ಕೂ ನೆಲಕ್ಕೆ ಅಂಟಿದಂತೆ ಇಡುವ ಬೌಂಡರಿ ಮೈಕುಗಳು. ಕ್ರೌನ್ ಕಂಪನಿಯ ಪಿಸಿಸಿ-160 ಎಂಬ ಚಪ್ಪಟೆಯಾದ ಕಪ್ಪು ಮೈಕ್ ಬಹುಕಾಲದಿಂದ ಈ ಕೆಲಸಕ್ಕೆ ಹೆಸರಾದದ್ದು. ಸಾಮಾನ್ಯ ಮೈಕನ್ನು ನೆಲದಿಂದ ಒಂದಡಿ ಎತ್ತರದಲ್ಲಿ ನಿಲ್ಲಿಸಿದರೆ ಪಾದದಿಂದ ನೇರವಾಗಿ ಬಂದ ಸದ್ದು ಮೊದಲು ತಲುಪುತ್ತದೆ, ನೆಲಕ್ಕೆ ಬಡಿದು ಹಿಂದಿರುಗಿದ ಸದ್ದು ಕ್ಷಣಾಂಶ ತಡವಾಗಿ ತಲುಪುತ್ತದೆ. ಇವೆರಡೂ ಬೆರೆತಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮೈಕಿನ ಗ್ರಾಹಕ ನೆಲದ ಮಟ್ಟದಲ್ಲಿಯೇ ಇದ್ದರೆ ಎರಡೂ ಒಟ್ಟಿಗೆ ಬಂದು ಕೂಡಿಕೊಳ್ಳುತ್ತವೆ. ಇದರಿಂದ ಸುಮಾರು 6 ಡೆಸಿಬಲ್ ಲಾಭವೂ ಆಗುತ್ತದೆ, ಲೋಹದ ಸದ್ದಿನ ಹೊಳಪೂ ಉಳಿಯುತ್ತದೆ. ಬೌಂಡರಿ ಮೈಕ್ ಇಲ್ಲದವರು ತೆಳ್ಳಗಿನ ಕಂಡೆನ್ಸರ್ ಮೈಕನ್ನು ಸ್ಪಂಜಿನ ಹಿಡಿಕೆಯೊಳಗೆ ಮಲಗಿಸಿ ನೆಲದ ಮೇಲಿಡುವುದೂ ಉಂಟು.

ವಾದ್ಯಗಳ ಸದ್ದು ನುಸುಳುವ ಬಗ್ಗೆ ನೀವು ಕೇಳಿದ್ದು ನಿಜವಾದ ತೊಡಕು, ಏಕೆಂದರೆ ಪಿಟ್ ಇರುವುದು ಈ ಮೈಕುಗಳ ಬೆನ್ನಿನ ಹಿಂದೆಯೇ. ಪಿಸಿಸಿ-160ರಂಥ ಮೈಕುಗಳು ಎದುರಿನ ಸದ್ದನ್ನು ಹೆಚ್ಚು, ಬೆನ್ನ ಹಿಂದಿನದನ್ನು ಕಡಿಮೆ ಹಿಡಿಯುವಂತೆ ರೂಪಿಸಿದವು. ಅವುಗಳ ಮುಖವನ್ನು ರಂಗದ ಒಳಗೆ ತಿರುಗಿಸಿದರೆ ಪಿಟ್ಟಿನ ಸದ್ದು ಪೂರ್ತಿ ಹೋಗದಿದ್ದರೂ ತಕ್ಕಮಟ್ಟಿಗೆ ತಗ್ಗುತ್ತದೆ.

ಮೈಕುಗಳ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದೆಂದು ಹೊಸಬರು ಭಾವಿಸುತ್ತಾರೆ. ಆದರೆ ಒಂದೇ ಹೆಜ್ಜೆಯ ಸದ್ದು ಎರಡು ಮೈಕುಗಳಿಗೆ ಬೇರೆ ಬೇರೆ ಕಾಲದಲ್ಲಿ ತಲುಪಿ ಮಿಕ್ಸರಿನಲ್ಲಿ ಒಂದಾದರೆ ಸದ್ದು ತೆಳುವಾಗಿ, ಪೊಳ್ಳಾಗಿ ಕೇಳಿಸುತ್ತದೆ. ಹಾಗಾಗಿಯೇ ಎರಡು ಮೈಕುಗಳ ನಡುವಿನ ಅಂತರ, ಮೈಕಿನಿಂದ ಕಲಾವಿದರಿಗಿರುವ ದೂರದ ಮೂರು ಪಟ್ಟಾದರೂ ಇರಬೇಕೆಂಬ ರೂಢಿಯ ಸೂತ್ರವೊಂದಿದೆ. ರಂಗದ ತುಂಬ ಓಡಾಡುವ ನೃತ್ಯದಲ್ಲಿ ಅದನ್ನು ಅಕ್ಷರಶಃ ಪಾಲಿಸಲಾಗದಿದ್ದರೂ, ಆ ಕ್ಷಣದಲ್ಲಿ ಕಲಾವಿದರು ಇಲ್ಲದ ಕಡೆಯ ಫೇಡರನ್ನು ಇಳಿಸಿಡುವುದರಿಂದ ಬಹಳಷ್ಟು ಸ್ಪಷ್ಟತೆ ಸಿಗುತ್ತದೆ.

ಮುಂಭಾಗದ ಮೈಕುಗಳಿಗೆ ಇನ್ನೊಂದು ಮಿತಿ ಇದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಎಂದರೆ 8 ಮೀಟರ್ ಹಿಂದೆ ಕುಣಿಯುತ್ತಿರುವವರ ಸದ್ದು ಆ ಮೈಕನ್ನು ತಲುಪಲು 23 ಮಿಲಿಸೆಕೆಂಡ್ ಬೇಕು. ಮುಂದಿನ ಸಾಲೂ ಹಿಂದಿನ ಸಾಲೂ ಕರಾರುವಾಕ್ಕಾಗಿ ಒಟ್ಟಿಗೆ ಹೆಜ್ಜೆಯಿಟ್ಟರೂ ಮೈಕಿನಲ್ಲಿ ಅದು ಎರಡು ಸದ್ದಾಗುತ್ತದೆ. ರಂಗದ ನೆಲದ ಅಡಿಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸುವುದರ ಲಾಭ ಇಲ್ಲಿ ಕಾಣುತ್ತದೆ. ಅದು ಗಾಳಿಯಲ್ಲಿ ಬರುವ ಸದ್ದಿಗೆ ಹೆಚ್ಚುಕಡಿಮೆ ಕಿವುಡಾಗಿದ್ದು ಹಲಗೆಯ ಕಂಪನವನ್ನಷ್ಟೇ ಗ್ರಹಿಸುತ್ತದೆ; ಆದ್ದರಿಂದ ವಾದ್ಯಗಳೂ ಹಾಡೂ ಅದರೊಳಗೆ ಬರುವುದು ತೀರ ಕಡಿಮೆ, ಮೈಕ್ ಶಿಳ್ಳೆ ಹಾಕುವ ಭಯವೂ ಕಡಿಮೆ. ಆದರೆ ಅದನ್ನೊಂದನ್ನೇ ಕೇಳಿದರೆ ಮರದ ಧಬಧಬ ಮಾತ್ರ ಸಿಗುತ್ತದೆ, ಲೋಹದ ಚುರುಕು ಸಿಗುವುದಿಲ್ಲ. ಆದ್ದರಿಂದ ನೆಲದ ಕಂಪನವನ್ನೂ ಮುಂಭಾಗದ ಮೈಕುಗಳ ಸದ್ದನ್ನೂ ಹದವಾಗಿ ಬೆರೆಸಬೇಕಾಗುತ್ತದೆ.

ಏಕವ್ಯಕ್ತಿ ನೃತ್ಯವಿದ್ದಾಗ ಮುಖ್ಯ ಕಲಾವಿದರ ಕಣಕಾಲಿಗೇ ಕಾಲರ್ ಮೈಕ್ ಕಟ್ಟುವುದುಂಟು. ವೈರನ್ನು ಪ್ಯಾಂಟಿನ ಒಳಗೆ ಹಾಯಿಸಿ, ಟ್ರಾನ್ಸ್‌ಮಿಟರನ್ನು ಮೀನಖಂಡಕ್ಕೆ ಎಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. 3 ಮೀಟರ್ ದೂರದ ಮೈಕಿಗೆ ಹೋಲಿಸಿದರೆ 30 ಸೆಂಟಿಮೀಟರ್ ದೂರದ ಮೈಕಿಗೆ ನೇರ ಸದ್ದು ಸುಮಾರು 20 ಡೆಸಿಬಲ್ ಹೆಚ್ಚು ಸಿಗುತ್ತದೆ, ಕಲಾವಿದರು ರಂಗದ ಯಾವ ಮೂಲೆಗೆ ಹೋದರೂ ಆ ಸದ್ದು ಬದಲಾಗುವುದಿಲ್ಲ. ಬೆವರು, ಎಳೆತ ಮತ್ತು ಪ್ರತಿ ಹೆಜ್ಜೆಯ ಆಘಾತದಿಂದ ಆ ಪುಟ್ಟ ಮೈಕ್ ಬೇಗ ಹಾಳಾಗುತ್ತದೆ ಎಂಬುದು ಅದರ ಬೆಲೆ.

ಕೊನೆಯದಾಗಿ, ಸದ್ದು ಪಾದದಿಂದಲೇ ಬಂದಂತೆ ಏಕೆ ಕೇಳಿಸಿತು ಎಂಬ ವಿಚಾರ. ಒಂದೇ ಸದ್ದು ಎರಡು ದಿಕ್ಕುಗಳಿಂದ ಸ್ವಲ್ಪ ಹಿಂದುಮುಂದಾಗಿ ಬಂದರೆ ನಮ್ಮ ಕಿವಿ ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ನಂತರದ್ದು ಸುಮಾರು 30 ಮಿಲಿಸೆಕೆಂಡ್‌ಗಳೊಳಗೆ ಬಂದರೆ ಅದು ಮೊದಲನೆಯದಕ್ಕಿಂತ ತುಸು ಜೋರಾಗಿದ್ದರೂ ಬೇರೆ ಸದ್ದೆಂದು ಎಣಿಸುವುದಿಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತನ್ನ ಪ್ರೌಢಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದರಿಂದ ಇದಕ್ಕೆ ಹಾಸ್ ಪರಿಣಾಮವೆಂದು ಹೆಸರು. ರಂಗದ ಸಹಜ ಸದ್ದು ಪ್ರೇಕ್ಷಕರನ್ನು ಮೊದಲು ತಲುಪಿ ಸ್ಪೀಕರಿನದು ಕೆಲವು ಮಿಲಿಸೆಕೆಂಡ್ ಹಿಂದೆ ಬರುವಂತೆ ಸ್ಪೀಕರುಗಳಿಗೆ ವಿಳಂಬ ಹೊಂದಿಸುತ್ತಾರೆ. ಟ್ಯಾಪ್ ಸದ್ದು ಬಹಳ ಚೂಪಾದದ್ದರಿಂದ ವಿಳಂಬ ಹೆಚ್ಚಾದರೆ ಮಾತು, ಹಾಡುಗಳಿಗಿಂತ ಬೇಗ ಎರಡಾಗಿ ಒಡೆಯುತ್ತದೆ, ಹಾಗಾಗಿ ಇಲ್ಲಿ ಕಿವಿಗೊಟ್ಟು ಹೊಂದಿಸುವುದೇ ಸರಿ.

ಲಯಗಾತಿ

ಧ್ವನಿಫಲಕ ಅವರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಟ್ಯಾಪ್ ಕಲಿಸುವವಳಾಗಿ ನಾನು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಮೈಕಿನ ಬಗ್ಗೆ ಯೋಚಿಸುವ ಮೊದಲು ನೆಲವನ್ನು ನೋಡಿ. ಟ್ಯಾಪ್ ಕಲಾವಿದರಿಗೆ ಶೂ ಮತ್ತು ನೆಲ ಎರಡೂ ಸೇರಿಯೇ ಒಂದು ವಾದ್ಯ, ಬಿರುಕುಬಿಟ್ಟ ಮದ್ದಳೆಗೆ ಎಂಥ ಮೈಕ್ ಇಟ್ಟರೂ ನಾದ ಬಾರದು.

ಮೇಪಲ್‌ನಂಥ ಗಟ್ಟಿ ಮರದ, ಅಡಿಯಲ್ಲಿ ಸ್ವಲ್ಪ ಪುಟಿಯುವ ನೆಲ ಎಲ್ಲಕ್ಕಿಂತ ಉತ್ತಮ. ಇತರ ನೃತ್ಯಗಳಿಗೆ ಹಾಸುವ ವಿನೈಲ್ ಹಾಸು ಟ್ಯಾಪ್ ಸದ್ದನ್ನು ನುಂಗಿಬಿಡುತ್ತದೆ. ಕಾಂಕ್ರೀಟಿನ ಮೇಲೆ ನೇರವಾಗಿ ಟ್ಯಾಪ್ ಮಾಡಿಸುವುದು ಬೇಡವೇ ಬೇಡ. ಸದ್ದಿನ ಮಾತು ಹಾಗಿರಲಿ, ಮೊಣಕಾಲಿಗೂ ಕಣಕಾಲಿಗೂ ಪೆಟ್ಟು. ಇನ್ನು ಟೊಳ್ಳಾದ ಎತ್ತರದ ಅಟ್ಟಣಿಗೆಯಾದರೆ ಪ್ರತಿ ಹಿಮ್ಮಡಿ ಬಡಿತಕ್ಕೂ ಒಳಗಿನಿಂದ ಗುಡುಗಿನಂಥ ಸದ್ದೇಳುತ್ತದೆ, ಆಗ ಕಾಲ್ಬೆರಳ ತುದಿಯ ಸೂಕ್ಷ್ಮ ಸದ್ದುಗಳು ಕೇಳಿಸುವುದಿಲ್ಲ.

ಶೂವಿನ ವಿಷಯವನ್ನೂ ಹೇಳುತ್ತೇನೆ. ಮುಂಗಾಲಿಗೊಂದು, ಹಿಮ್ಮಡಿಗೊಂದು ಲೋಹದ ಟ್ಯಾಪ್ ಇರುತ್ತದೆ, ಅವನ್ನು ಹಿಡಿದಿರುವುದು ಸ್ಕ್ರೂಗಳು. ಸ್ಕ್ರೂ ಸಡಿಲಾದರೆ ಪ್ರತಿ ಬಡಿತಕ್ಕೂ ಒಂದು ಗಲಗಲ ಅಂಟಿಕೊಳ್ಳುತ್ತದೆ. ಸಭಾಂಗಣದಲ್ಲಿ ಅದು ಗಮನಕ್ಕೆ ಬಾರದಿದ್ದರೂ ಹತ್ತಿರದ ಮೈಕ್ ಅದನ್ನು ದೊಡ್ಡದಾಗಿ ಎತ್ತಿ ತೋರಿಸುತ್ತದೆ. ಪ್ರದರ್ಶನಕ್ಕೆ ಮುನ್ನ ಎಂಟೂ ಜನರ ಶೂಗಳನ್ನು ಸ್ಕ್ರೂಡ್ರೈವರ್ ಹಿಡಿದು ಪರೀಕ್ಷಿಸಿ. ಇನ್ನು ಕ್ರ್ಯಾಂಪ್ ರೋಲ್ ಎಂಬ ಹೆಜ್ಜೆಯಲ್ಲಿ ಬಲ ಮುಂಗಾಲು, ಎಡ ಮುಂಗಾಲು, ಬಲ ಹಿಮ್ಮಡಿ, ಎಡ ಹಿಮ್ಮಡಿ ಹೀಗೆ ನಾಲ್ಕು ಸದ್ದು ಉರುಳಿಕೊಂಡು ಬರಬೇಕು. ಮುಂಗಾಲಿನ ಸದ್ದು ತೆಳ್ಳಗೆ, ಹಿಮ್ಮಡಿಯದು ದಪ್ಪ. ಧ್ವನಿ ಪರೀಕ್ಷೆಯಲ್ಲಿ ಒಬ್ಬೊಬ್ಬರಿಂದಲೂ ಈ ಹೆಜ್ಜೆಯನ್ನು ನಿಧಾನವಾಗಿ ಮಾಡಿಸಿ, ನಾಲ್ಕೂ ಬೇರೆ ಬೇರೆಯಾಗಿ, ಬೇರೆ ಬೇರೆ ಸ್ವರದಲ್ಲಿ ಕೇಳಿಸುತ್ತವೆಯೇ ಎಂದು ಗಮನಿಸಿ. ಎಲ್ಲವೂ ಒಂದೇ ಬಗೆಯ ಟಕಟಕವಾದರೆ ಮಿಕ್ಸರಿನಲ್ಲಿ ತಗ್ಗಿನ ಆವರ್ತನಗಳನ್ನು ಅತಿಯಾಗಿ ಕತ್ತರಿಸಿದ್ದಾರೆ ಎಂದರ್ಥ.

ಮೇಲಂತಸ್ತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಸಭಾಂಗಣದ ರಂಗ ಕಾಂಕ್ರೀಟಿನದೇ, ಮೇಲೆ ಟೈಲ್ಸ್ ಹಾಸಿದೆ. ನಮ್ಮ ತಂಡದ ಹಿರಿಯರೊಬ್ಬರು ಹೆಜ್ಜೆಸದ್ದನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಹಾಡಿನ ಜೊತೆ ಹಾಕಿಬಿಡೋಣ, ದೊಡ್ಡ ನಾಟಕಗಳಲ್ಲೂ ಹಾಗೆಯೇ ಮಾಡುತ್ತಾರೆ ಎನ್ನುತ್ತಿದ್ದಾರೆ. ಇದು ನಿಜವೇ?

ಪಕ್ಕವಾದ್ಯ

ಹಾಗೆ ಮಾಡುವುದು ಉಂಟು. ಸಿನಿಮಾದಲ್ಲಂತೂ ಅದು ಮೊದಲಿನಿಂದ ಬಂದ ಪದ್ಧತಿ. 1930ರ ದಶಕದ ಹಾಲಿವುಡ್‌ನಲ್ಲಿ ಫ್ರೆಡ್ ಆಸ್ಟೈರ್ ಚಿತ್ರೀಕರಣ ಮುಗಿದ ಮೇಲೆ ತನ್ನ ಹೆಜ್ಜೆಗಳನ್ನು ತಾನೇ ಪುನಃ ಮಾಡಿ ಧ್ವನಿಮುದ್ರಣ ಮಾಡಿಸುತ್ತಿದ್ದ. ರಂಗದ ಮೇಲೂ ಮೂವತ್ತು ಜನ ಒಟ್ಟಿಗೆ ಕುಣಿಯುತ್ತಾ ಹಾಡುವ ದೃಶ್ಯಗಳಲ್ಲಿ ಜೀವಂತ ಸದ್ದಿನ ಅಡಿಯಲ್ಲಿ ಮುದ್ರಿತ ಸದ್ದನ್ನು ಸೇರಿಸುವ ನಿರ್ಮಾಣಗಳಿವೆ. ಅದಕ್ಕೆ ಹಿಮ್ಮೇಳವೂ ಕಿವಿಯಲ್ಲಿ ಕೇಳುವ ಕ್ಲಿಕ್ ಲಯಕ್ಕೆ ಬದ್ಧವಾಗಿರಬೇಕಾಗುತ್ತದೆ.

ಆದರೆ ನಾನು ಇದನ್ನು ಒಪ್ಪುವವನಲ್ಲ. ಟ್ಯಾಪ್ ಎಂಬುದು ಕಣ್ಣಿಗೆ ನೃತ್ಯ, ಕಿವಿಗೆ ತಾಳವಾದ್ಯ. ಆಫ್ರಿಕನ್ ಅಮೆರಿಕನ್ ಕಲಾವಿದರ ಕೈಯಲ್ಲಿ ಅದು ಬೆಳೆದದ್ದು ಜಾಜ್ ವಾದಕರೊಂದಿಗೆ ಅಲ್ಲಲ್ಲೇ ಹುಟ್ಟಿಸಿಕೊಂಡ ಲಯದ ಸಂವಾದವಾಗಿ. ಬಿಲ್ ರಾಬಿನ್ಸನ್ ಮರದ ಅಡಿಯ ಶೂ ತೊಟ್ಟು ಮೈಕಿನ ಹಂಗಿಲ್ಲದೆ ತೆಗೆಯುತ್ತಿದ್ದ ನಾದಕ್ಕೆ ಬೆಲೆ ಇದ್ದದ್ದು ಅದು ಆ ಕ್ಷಣದ್ದಾಗಿದ್ದರಿಂದ. ಸದ್ದು ಮುದ್ರಿತವಾದರೆ ಕಲಾವಿದೆಯ ಮಂದಗತಿ, ಒತ್ತು, ಅಂದಿನ ಉತ್ಸಾಹ ಯಾವುದಕ್ಕೂ ಜಾಗವಿಲ್ಲ. ಮೃದಂಗದ ಪಕ್ಕವಾದ್ಯಗಾರ ಕೈಯಾಡಿಸುತ್ತಾ ಕುಳಿತು ಧ್ವನಿಮುದ್ರಿಕೆ ಹಾಕಿದರೆ ನಾವು ಒಪ್ಪುತ್ತೇವೆಯೇ? ಎಂಟು ಜನರ ಪ್ರದರ್ಶನಕ್ಕೆ ಅದರ ಅಗತ್ಯವೂ ಇಲ್ಲ.

ತಂತ್ರಜ್ಞಾನವನ್ನು ಮುಚ್ಚಿಡದೆ ಬಳಸಿದ ಉದಾಹರಣೆಗಳೂ ಇವೆ. 1995ರಲ್ಲಿ ಸಿಡ್ನಿಯಲ್ಲಿ ಆರಂಭವಾದ ಡೀನ್ ಪೆರಿಯವರ ‘ಟ್ಯಾಪ್ ಡಾಗ್ಸ್’ ಪ್ರದರ್ಶನದಲ್ಲಿ ನೆಲದ ಕೆಲವು ಭಾಗಗಳನ್ನು ಎಲೆಕ್ಟ್ರಾನಿಕ್ ಡ್ರಮ್ಮಿಗೆ ಜೋಡಿಸಿದ್ದು, ಕಾಲಿಟ್ಟಾಗ ಬೇರೆಯೇ ವಾದ್ಯಗಳ ಸದ್ದು ಬರುತ್ತದೆ. ಅಲ್ಲಿ ಸದ್ದು ಯಂತ್ರದ್ದಾದರೂ ಅದನ್ನು ಹೊರಡಿಸುವುದು ಆ ಕ್ಷಣದ ಹೆಜ್ಜೆಯೇ.

ಧ್ವನಿಫಲಕ

ಪಕ್ಕವಾದ್ಯ ಅವರ ಮಾತಿಗೆ ನನ್ನ ಬಹುಪಾಲು ಸಮ್ಮತಿ ಇದೆ. ಆದರೂ ವಾರಕ್ಕೆ ಎಂಟು ಪ್ರದರ್ಶನ ಕೊಡುವ ಬ್ರಾಡ್‌ವೇ ತಂಡ ದಣಿದ ಕಾಲುಗಳಿಗೆ ಆಸರೆಯಾಗಿ ಮುದ್ರಿತ ಸದ್ದನ್ನು ತೆಳ್ಳಗೆ ಸೇರಿಸಿದರೆ ನಾನು ಅದನ್ನು ಮೋಸವೆಂದು ಕರೆಯಲಾರೆ.

ಮೇಲಂತಸ್ತು ಅವರೇ, ನಿಮ್ಮ ಸಭಾಂಗಣಕ್ಕೆ ಹೀಗೆ ಮಾಡಿ. ಕಾಂಕ್ರೀಟಿನ ಮೇಲೆ ಮೊದಲು ಗಟ್ಟಿ ಫೋಮ್ ಹಾಸಿ, ಅದರ ಮೇಲೆ ದಪ್ಪ ಪ್ಲೈವುಡ್ಡಿನ ಎರಡು ಪದರಗಳನ್ನು ಕೀಲುಗಳು ಒಂದರ ಮೇಲೊಂದು ಬಾರದಂತೆ ಜೋಡಿಸಿ, ಮೇಲ್ಪದರವಾಗಿ ಹಾರ್ಡ್‌ಬೋರ್ಡ್ ಹಾಕಿ. ಸ್ಕ್ರೂಗಳ ತಲೆ ಮೇಲೆ ಉಳಿಯಬಾರದು, ಹಲಗೆಗಳ ಅಂಚು ಎಲ್ಲಿಯೂ ಎದ್ದಿರಬಾರದು. ರಂಗದ ಮುಂದಿನ ಅಂಚಿಗೆ ಮೂರು ಬೌಂಡರಿ ಮೈಕುಗಳು ಸಾಕು, ಅವನ್ನು ಕುಣಿಯುವ ಹಲಗೆಯ ಮೇಲಿಡದೆ ಅದರ ಹೊರಗೆ ತೆಳು ಸ್ಪಂಜಿನ ಮೇಲಿಡಿ. ಇಲ್ಲವಾದರೆ ಹೆಜ್ಜೆಯ ಅದುರು ನೇರವಾಗಿ ಮೈಕಿನ ದೇಹಕ್ಕೇ ಹತ್ತುತ್ತದೆ. ಹಲಗೆಯ ಅಡಿಗೆ ಒಂದೆರಡು ಕಾಂಟ್ಯಾಕ್ಟ್ ಮೈಕ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಂಭಾಗದ ಮೈಕುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಲಯಗಾತಿ ಅವರು ಎಚ್ಚರಿಸಿದ ಹಿಮ್ಮಡಿಯ ದಪ್ಪ ಸದ್ದು ಅದಕ್ಕಿಂತ ಮೇಲೆಯೂ ಇರುವುದರಿಂದ ಅಷ್ಟಕ್ಕೆ ನಷ್ಟವಾಗದು. ಗೇಟ್ (ಸದ್ದು ಒಂದು ಮಟ್ಟ ಮೀರಿದಾಗ ಮಾತ್ರ ಅದನ್ನು ಒಳಬಿಡುವ ಸಾಧನ) ಬಳಸುವುದಾದರೆ ಅದು ತೆರೆಯುವ ವೇಗವನ್ನು ಅತಿ ಶೀಘ್ರವಾಗಿಯೇ ಇಡಿ, ಏಕೆಂದರೆ ಟ್ಯಾಪ್ ಸದ್ದಿನ ಜೀವವೆಲ್ಲ ಅದರ ಮೊದಲ ಒಂದೆರಡು ಮಿಲಿಸೆಕೆಂಡ್‌ಗಳಲ್ಲಿದೆ.

ಕಾಲಿನ ಎಲ್ಲ ಮೈಕುಗಳನ್ನೂ ಒಂದೇ ಗುಂಪಿನ ಫೇಡರಿಗೆ ತಂದು, ನೃತ್ಯ ಶುರುವಾಗುವಾಗ ಏರಿಸಿ ಮುಗಿದೊಡನೆ ಇಳಿಸಿ. ಮಾತಿನ ದೃಶ್ಯದಲ್ಲಿ ಅವು ತೆರೆದಿದ್ದರೆ ನಡೆದಾಟವೂ ಕುರ್ಚಿ ಎಳೆದದ್ದೂ ಸಭಾಂಗಣಕ್ಕೆಲ್ಲ ಕೇಳಿಸುತ್ತದೆ.

ಲಯಗಾತಿ

ಒಂದು ಸೇರ್ಪಡೆ. ಇದೇ ತಂಡ ಮುಂದೆ ಭರತನಾಟ್ಯವನ್ನೋ ಕಥಕ್ಕನ್ನೋ ಅದೇ ರಂಗದಲ್ಲಿ ಆಡಿಸುವುದಾದರೆ ಈ ಹೊಂದಾಣಿಕೆಯನ್ನು ಹಾಗೆಯೇ ಬಳಸಬೇಡಿ. ಗೆಜ್ಜೆಯ ಸದ್ದು ಹುಟ್ಟುವುದು ಕಣಕಾಲಿನಲ್ಲಿ, ಅದು ಬಡಿತದ ನಂತರವೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬರಿಗಾಲಿನ ತಟ್ಟು ಅದರ ಅಡಿಯಲ್ಲಿರುತ್ತದೆ. ಗೇಟ್ ಬೇಗ ಮುಚ್ಚಿದರೆ ಗೆಜ್ಜೆಯ ಬಾಲ ತುಂಡಾಗುತ್ತದೆ. ಕಥಕ್ ಗುರು ಚಿತ್ರೇಶ್ ದಾಸ್ ಮತ್ತು ಟ್ಯಾಪ್ ಕಲಾವಿದ ಜೇಸನ್ ಸ್ಯಾಮ್ಯುಯಲ್ಸ್ ಸ್ಮಿತ್ ‘ಇಂಡಿಯಾ ಜಾಜ್ ಸ್ವೀಟ್ಸ್’ನಲ್ಲಿ ಒಂದೇ ರಂಗದ ಮೇಲೆ ಲಯದ ಸವಾಲು ಜವಾಬು ನಡೆಸುತ್ತಿದ್ದರು. ಅದರ ವಿಡಿಯೋ ತುಣುಕುಗಳು ಸಿಕ್ಕರೆ ಹೆಡ್‌ಫೋನಿನಲ್ಲಿ ಕೇಳಿ, ಎರಡು ಬಗೆಯ ಸದ್ದಿನ ವ್ಯತ್ಯಾಸ ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.