ಕ್ಯಾಪ್ಟಿವೇಟ್ ಕ್ವಿಜ್ ಟೆಂಪ್ಲೇಟು ಕನ್ನಡಕ್ಕೆ ಒಗ್ಗಿಸೋದು ಹೇಗೆ? ಒತ್ತಕ್ಷರ ಕಟ್ ಆಗ್ತಿದೆ, ಬಟನ್ ಇಂಗ್ಲಿಷಲ್ಲೇ ಉಳಿದಿದೆ

ಮದ್ದೂರ್‌ವಡೆ ಕೇಳಿದ್ದು:

ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಅಚ್ಚುಕಟ್ಟಿನ ನೀರು ಬಳಕೆದಾರರ ಸಂಘಗಳಿಗೆ ಕನ್ನಡದಲ್ಲಿ ಒಂದು ಕೋರ್ಸು ತಯಾರಾಗುತ್ತಿದೆ. ಕಂಪ್ಯೂಟರ್, ಫೋನಿನಲ್ಲಿ ಕಲಿಯೋ ಕೋರ್ಸು ಮಾಡೋ ಸಾಫ್ಟ್‌ವೇರ್ ಅಡೋಬಿ ಕ್ಯಾಪ್ಟಿವೇಟ್ 2019, ಈಗ ಕ್ಲಾಸಿಕ್ ಅಂತಾರಲ್ಲ ಅದು. ಸ್ಲೈಡು 1280×720, ರೆಸ್ಪಾನ್ಸಿವ್ (ಪರದೆಗೆ ತಕ್ಕಂತೆ ಹೊಂದಿಕೊಳ್ಳೋದು) ಅಲ್ಲ. ಒಟ್ಟು 46 ಪ್ರಶ್ನೆ: 30 ಬಹುಆಯ್ಕೆ, 8 ಹೊಂದಿಸಿ ಬರೆಯಿರಿ, 6 ಬಿಟ್ಟ ಸ್ಥಳ, 2 ಸರಿ-ತಪ್ಪು.

ಮೊದಲ 12 ಸ್ಲೈಡಿನಲ್ಲಿ ಬಟನ್ ಬಣ್ಣ, ಪ್ರಶ್ನೆ ಇರುವ ಜಾಗ ಎಲ್ಲವನ್ನೂ ಒಂದೊಂದಾಗಿ ಕೈಯಲ್ಲೇ ಬದಲಾಯಿಸಿದ್ದಾಗಿದೆ. ಆಮೇಲೆ ಎಲ್ಲ ಸ್ಲೈಡಿಗೂ ಅಚ್ಚಿನಂತಿರೋ ಮಾಸ್ಟರ್ ಸ್ಲೈಡ್ ಇದೆ ಅಂತ ಗೊತ್ತಾಗಿ ಅಲ್ಲಿ ಬದಲಾಯಿಸಿದರೆ ಈ 12 ಮಾತ್ರ ಅಲ್ಲಾಡುತ್ತಿಲ್ಲ. ಸಬ್‌ಮಿಟ್, ಕ್ಲಿಯರ್ ಅನ್ನೋ ಮಾತು ಪ್ರಿಫರೆನ್ಸಸ್‌ನಲ್ಲಿ ಕನ್ನಡಕ್ಕೆ ಬದಲಾಗಿದೆ, ಹಳೇ ಸ್ಲೈಡುಗಳಲ್ಲಿ ಇಂಗ್ಲಿಷೇ ಇದೆ. 'ತಪ್ಪು ಉತ್ತರ' ಅಂತ ಬರೋ ಫೀಡ್‌ಬ್ಯಾಕ್ ಚೌಕದಲ್ಲಿ ಕೆಳಗಿನ ಒತ್ತು ಹಾರಿಹೋಗಿ 'ತಪು ಉತರ' ಅಂತ ಕಾಣುತ್ತೆ. 'ನುಡಿ' ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಗಳನ್ನು ಪೇಸ್ಟ್ ಮಾಡಿದರೆ ಬರೀ ಗೀಚು. ಇನ್ನೊಂದು, ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ ಎಷ್ಟು ಅಡಿ ಅನ್ನೋ ಬಿಟ್ಟ ಸ್ಥಳಕ್ಕೆ 124.8 ಅಂತ ಹಾಕಿದರೆ ತಪ್ಪು ಅನ್ನುತ್ತೆ, 124.80 ಅಂದರೆ ಸರಿ.

ಎಲ್ಲಿಂದ ಶುರು ಮಾಡಬೇಕು? ಬಲ್ಲವರು ಹೇಳಿ.

ಕುಕ್ಕರಹಳ್ಳಿ ಏರಿ:

ಕ್ವಿಜ್ ಸ್ಲೈಡಿನ ಒಂದೊಂದು ವಸ್ತುವಿಗೂ ಮೂರು ಯಜಮಾನರು. ಎಲ್ಲಿ ಕೂರಬೇಕು ಅನ್ನೋದನ್ನ ಮಾಸ್ಟರ್ ಸ್ಲೈಡ್ ಹೇಳುತ್ತೆ. ಹೇಗೆ ಕಾಣಬೇಕು ಅನ್ನೋದು ಆಬ್ಜೆಕ್ಟ್ ಸ್ಟೈಲ್ ಮ್ಯಾನೇಜರ್‌ನ ಕೈಲಿದೆ. ಏನು ಬರೆದಿರಬೇಕು ಅನ್ನೋದು ಕ್ವಿಜ್ ಪ್ರಿಫರೆನ್ಸಸ್‌ನ ಡಿಫಾಲ್ಟ್ ಲೇಬಲ್ಸ್‌ನಲ್ಲಿದೆ. ಒಂದು ಕಡೆ ಬದಲಾಯಿಸಿ ಇನ್ನೊಂದು ಕಡೆ ಆಗಿಲ್ಲ ಅಂತ ತಲೆ ಕೆಡಿಸಿಕೊಳ್ಳೋರೇ ಜಾಸ್ತಿ.

ಮೊದಲು ಜಾಗ. ವಿಂಡೋ ಮೆನುವಿನಲ್ಲಿ ಮಾಸ್ಟರ್ ಸ್ಲೈಡ್ ತೆಗೆಯಿರಿ. ಕ್ವಿಜ್‌ಗೆ ಅಂತಲೇ ಕೆಲವು ಬೇರೆ ಮಾಸ್ಟರ್‌ಗಳಿವೆ: ಬಹುಆಯ್ಕೆ, ಸರಿ-ತಪ್ಪು, ಬಿಟ್ಟ ಸ್ಥಳ, ಕ್ರಮವಾಗಿ ಜೋಡಿಸಿ, ಈ ನಾಲ್ಕಕ್ಕೂ ಸೇರಿ ಒಂದೇ. ಹೊಂದಿಸಿ ಬರೆಯಿರಿಗೆ ಬೇರೆ, ಹಾಟ್‌ಸ್ಪಾಟ್‌ಗೆ (ಚಿತ್ರದಲ್ಲಿ ಸರಿ ಜಾಗ ಒತ್ತೋ ಪ್ರಶ್ನೆ) ಬೇರೆ, ಲೈಕರ್ಟ್‌ಗೆ (ಎಷ್ಟು ಒಪ್ಪುತ್ತೀರಿ ಅಂತ ಕೇಳೋ ಪ್ರಶ್ನೆ) ಬೇರೆ, ರಿಸಲ್ಟ್‌ಗೆ ಬೇರೆ. ಅಂದರೆ ನಿಮ್ಮ 38 ಪ್ರಶ್ನೆ ಒಂದು ಮಾಸ್ಟರ್‌ನಲ್ಲಿ ಮುಗಿಯುತ್ತೆ, 8ಕ್ಕೆ ಇನ್ನೊಂದು, ಕೊನೆಗೆ ರಿಸಲ್ಟ್. ಮೂರೇ ಮಾಸ್ಟರ್ ತಿದ್ದಿದರೆ ಸಾಕು.

ಆ ಮಾಸ್ಟರ್‌ಗಳಲ್ಲಿ ಪ್ರಶ್ನೆ, ಉತ್ತರ, ಬಟನ್ನಿಗೆ ಅಂತ ಮೀಸಲಿಟ್ಟ ಚೌಕಗಳನ್ನು (ಪ್ಲೇಸ್‌ಹೋಲ್ಡರ್) ಡಿಲೀಟ್ ಮಾಡೋಕೆ ಹೋಗಬೇಡಿ. ಬ್ಯಾಕ್, ಕ್ಲಿಯರ್ ಬೇಡ ಅಂದರೆ ಪ್ರಶ್ನೆ ಸ್ಲೈಡಿನ ಕ್ವಿಜ್ ಪ್ರಾಪರ್ಟೀಸ್‌ನಲ್ಲಿ ಟಿಕ್ ತೆಗೆಯಿರಿ. ರಿವ್ಯೂ ಏರಿಯಾ ಅಡ್ಡ ಬಂತು ಅಂತ ಸ್ಲೈಡಿನಾಚೆ ಎಳೆದು ಬಿಟ್ಟರೆ, ಕೊನೆಯಲ್ಲಿ ಉತ್ತರ ಮರುನೋಡುವಾಗ ಸರಿ-ತಪ್ಪಿನ ಮಾತೇ ಕಾಣಲ್ಲ. ರಿವ್ಯೂ ಏರಿಯಾವನ್ನು ಫೀಡ್‌ಬ್ಯಾಕ್ ಚೌಕ ಇರೋ ಜಾಗದಲ್ಲೇ, ಅದೇ ಅಳತೆಗೆ, ಒಂದರ ಮೇಲೊಂದು ಇಡಿ. ಉತ್ತರ ಕೊಡುವಾಗ ಒಂದು, ಮರುನೋಡುವಾಗ ಇನ್ನೊಂದು ಬರೋದರಿಂದ ಜಗಳವಿಲ್ಲ. ಸರಿ, ತಪ್ಪು, ಉತ್ತರ ಆರಿಸಿಲ್ಲ ಅನ್ನೋ ಮೂರು ಸಂದೇಶಕ್ಕೂ ಇದೇ ಜಾಗ. ಜಾಗ ಉಳಿಯುತ್ತೆ, ಆ ಜಾಗವನ್ನ ಕನ್ನಡ ಪಠ್ಯಕ್ಕೆ ಕೊಡಿ.

ಈಗ ಆ 12 ಸ್ಲೈಡು. ಕೈಯಲ್ಲಿ ಎಳೆದ ವಸ್ತು ಮಾಸ್ಟರ್‌ನ ಮಾತು ಕೇಳೋದು ಬಿಡುತ್ತೆ. ಸ್ಲೈಡ್ ಆರಿಸಿ, ಪ್ರಾಪರ್ಟೀಸ್‌ನಲ್ಲಿ 'ರೀಸೆಟ್ ಮಾಸ್ಟರ್ ಸ್ಲೈಡ್' ಒತ್ತಿ, ಜಾಗ ವಾಪಸ್ ಬರುತ್ತೆ. ಬಣ್ಣಕ್ಕೆ ಇದು ಸಾಲದು. ಬಟನ್ ಆರಿಸಿದಾಗ ಸ್ಟೈಲ್ ಹೆಸರಿನ ಮುಂದೆ ಪ್ಲಸ್ ಗುರುತು ಇದ್ದರೆ ಅದು ಸ್ಟೈಲನ್ನು ಮೀರಿ ಬದಲಾಗಿದೆ ಅಂತ. ಪಕ್ಕದ ಮೆನುವಿನಲ್ಲಿ ರೀಸೆಟ್ ಸ್ಟೈಲ್ ಕೊಡಿ, ಪ್ಲಸ್ ಹೋಗಬೇಕು. ನೀವು ಕೈಯಲ್ಲಿ ಮಾಡಿದ ಬಣ್ಣವೇ ಚೆನ್ನಾಗಿದೆ ಅನ್ನಿಸಿದರೆ ರೀಸೆಟ್ ಬೇಡ; ಒಂದೇ ಬಟನ್‌ನಲ್ಲಿ 'ಇರುವ ಸ್ಟೈಲಿಗೆ ಬದಲಾವಣೆ ಉಳಿಸು' ಅನ್ನೋದನ್ನ ಒತ್ತಿ, ಅದೇ ಸ್ಟೈಲಿನ ಉಳಿದವೂ ಹಿಂಬಾಲಿಸುತ್ತವೆ. ಎಲ್ಲವನ್ನೂ ಒಂದೇ ಕಡೆ ನೋಡಲು ಶಿಫ್ಟ್ ಎಫ್7, ಅಲ್ಲಿ ಕ್ವಿಜ್ಜಿಂಗ್ ಆಬ್ಜೆಕ್ಟ್ಸ್.

ಲೇಬಲ್ ವಿಷಯ ಮಾತ್ರ ಬೇಜಾರಿನದು. ಡಿಫಾಲ್ಟ್ ಲೇಬಲ್ ಬದಲಾವಣೆ ಆಮೇಲೆ ಸೇರಿಸೋ ಪ್ರಶ್ನೆಗಳಿಗಷ್ಟೇ. ಹಳೆಯವಕ್ಕೆ ತಾಗುವುದಿಲ್ಲ.

ಅಗ್ರಹಾರ ಸರ್ಕಲ್:

ಏರಿಯವರು ಹೇಳಿದ್ದಕ್ಕೆ ಒಂದು ಸೇರಿಸಿ. ಪ್ರಾಜೆಕ್ಟ್ ತೆರೆದಿರುವಾಗ ಪ್ರಿಫರೆನ್ಸಸ್ ಬದಲಾಯಿಸಿದರೆ ಅದು ಆ ಪ್ರಾಜೆಕ್ಟಿಗೆ ಮಾತ್ರ. ಯಾವ ಪ್ರಾಜೆಕ್ಟೂ ತೆರೆಯದೆ ಬದಲಾಯಿಸಿದರೆ ಮುಂದಿನ ಹೊಸ ಪ್ರಾಜೆಕ್ಟುಗಳಿಗೆಲ್ಲ. ಥೀಮ್ ಆಗಿ ಉಳಿಸಿದ ಸಿಪಿಟಿಎಂ ಫೈಲಿನಲ್ಲಿ ಮಾಸ್ಟರ್, ಸ್ಟೈಲ್ ಇರುತ್ತೆ, ಕನ್ನಡ ಲೇಬಲ್ ಇರಲ್ಲ. ಅದಕ್ಕೆ ಸಿಪಿಟಿಎಲ್, ಅಂದರೆ ಟೆಂಪ್ಲೇಟ್ ಆಗಿಯೇ ಉಳಿಸಬೇಕು. ಥೀಮ್ ಫೈಲನ್ನ ಮಾತ್ರ ಇನ್ನೊಬ್ಬರಿಗೆ ಕಳಿಸಿ 'ಸಬ್‌ಮಿಟ್ ಯಾಕೆ ಇಂಗ್ಲಿಷಲ್ಲಿದೆ' ಅಂತ ಕೇಳಿಸಿಕೊಳ್ಳೋದು ಇದಕ್ಕೇ.

ಇನ್ನು ಕನ್ನಡದ ಕೆಲಸ. ಒತ್ತು ಕಟ್ ಆಗೋದು ಫಾಂಟಿನ ತಪ್ಪಲ್ಲ ಕಣ್ರೀ, ಚೌಕ ಗಿಡ್ಡ. ಟೆಂಪ್ಲೇಟಿನ ಚೌಕ ಇಂಗ್ಲಿಷ್ ಸಾಲಿನ ಲೆಕ್ಕಕ್ಕೆ ಮಾಡಿರೋದು. ಇಂಗ್ಲಿಷಿಗೆ ಕೆಳಗೆ ಇಳಿಯೋದು ಒಂದು ಸಣ್ಣ ಬಾಲ, ನಮಗೆ 'ಪ್ಪು' ಅಂದರೆ ಕೆಳಗೊಂದು ಅಕ್ಷರವೇ ಕೂತಿರುತ್ತೆ. 'ಸ್ತ್ರೀ', 'ರಾಷ್ಟ್ರ' ಬಂದರೆ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ. ರೆಸ್ಪಾನ್ಸಿವ್ ಅಲ್ಲದ ಪ್ರಾಜೆಕ್ಟಿನಲ್ಲಿ ಕ್ಯಾಪ್ಷನ್ನು ಪಬ್ಲಿಷ್ ಆಗುವಾಗ ಚಿತ್ರವಾಗಿಬಿಡುತ್ತೆ, ಚೌಕ ಮೀರಿದ ಒತ್ತು ಆ ಚಿತ್ರದಲ್ಲಿ ಬರೋದೇ ಇಲ್ಲ. ಹಾಗಾಗಿ ಎಡಿಟ್ ಮಾಡುವಾಗ ಸರಿ ಕಂಡರೂ ನಂಬಬೇಡಿ, ಬ್ರೌಸರ್‌ನಲ್ಲಿ ಎಚ್‌ಟಿಎಂಎಲ್5 ಪ್ರಿವ್ಯೂ ಹಾಕಿಯೇ ನೋಡಿ.

1280×720ಕ್ಕೆ ಹೊಂದೋ ಅಳತೆ: ಪ್ರಶ್ನೆ 24 ಪಾಯಿಂಟು, ಚೌಕ 1120×110, ಎರಡು ಸಾಲಿಗೆ ಸಾಕು. ಉತ್ತರ 20 ಪಾಯಿಂಟು, ಜಾಗ 1120×300, ನಾಲ್ಕು ಆಯ್ಕೆ ಸಲೀಸು. ಫೀಡ್‌ಬ್ಯಾಕ್ 20 ಪಾಯಿಂಟು, 640×90. ಸಾಲಿನ ಅಂತರ 1.2ಕ್ಕಿಂತ ಕಮ್ಮಿ ಬೇಡ. ಚೌಕದ ಒಳ ಮಾರ್ಜಿನ್ನು ಮೇಲೆ ಕೆಳಗೆ ತಗ್ಗಿಸಿದರೆ ಇನ್ನೂ ಉಸಿರಾಡುತ್ತೆ. ಪರೀಕ್ಷೆಗೆ ಒಂದು ಪದ ಸಾಕು: 'ರಾಷ್ಟ್ರೋತ್ಥಾನ'. ಅದು ಉಳಿದರೆ ಎಲ್ಲವೂ ಉಳಿಯುತ್ತೆ.

ಫಾಂಟು ನಿರ್ಮಲಾ ಯುಐ ಇಡಿ, ಇಲ್ಲದಿದ್ದರೆ ನೋಟೋ ಸಾನ್ಸ್ ಕನ್ನಡ. ತುಂಗಾದಲ್ಲಿ ಅದೇ 20 ಪಾಯಿಂಟಿಗೆ ಅಕ್ಷರ ಸಣ್ಣದಾಗಿ ಕಾಣುತ್ತೆ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ವರ್ಡಿನಲ್ಲೇ ಪರಿವರ್ತಕದಿಂದ ಯೂನಿಕೋಡ್ ಮಾಡಿ ಆಮೇಲೆ ತನ್ನಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರೋ ಪದಗಳನ್ನ ಕಣ್ಣಲ್ಲೇ ನೋಡಿ: ಸೂರ್ಯ, ಕಾರ್ಯದರ್ಶಿ, ಮಾರ್ಗ. ಎಡವೋದು ಅಲ್ಲೇ.

ಬಟನ್ ಮಾತಿನ ಬಗ್ಗೆ ಒಂದು ತಕರಾರು. 'ಸಲ್ಲಿಸಿ' ಅಂದರೆ ತಾಲ್ಲೂಕು ಆಫೀಸಿನ ಅರ್ಜಿ ನೆನಪಾಗುತ್ತೆ. 'ಇದೇ ಉತ್ತರ' ಅಂತ ಇಟ್ಟು ನೋಡಿ.

ಬೆಲ್ಲದಚ್ಚು:

ಬಿಟ್ಟ ಸ್ಥಳದ ಬಗ್ಗೆ. ಅಲ್ಲಿ ಸಾಫ್ಟ್‌ವೇರಿಗೆ ಲೆಕ್ಕ ಬರಲ್ಲ, ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತೆ ಅಷ್ಟೆ. ಅದಕ್ಕೇ 124.8 ಬೇರೆ, 124.80 ಬೇರೆ. ಬಿಟ್ಟ ಸ್ಥಳದ ಮೇಲೆ ಒತ್ತಿದರೆ ಉತ್ತರಗಳ ಪಟ್ಟಿ ಬರುತ್ತೆ, ಪ್ಲಸ್ ಒತ್ತಿ 124.8, 124.80, ೧೨೪.೮, ೧೨೪.೮೦ ನಾಲ್ಕನ್ನೂ ಸೇರಿಸಿ. 'ಅಡಿ' ಅನ್ನೋದನ್ನ ಬಿಟ್ಟ ಸ್ಥಳದ ಆಚೆ ವಾಕ್ಯದಲ್ಲೇ ಇಟ್ಟುಬಿಡಿ, ಇಲ್ಲಾಂದರೆ 'ಅಡಿ', 'ಅಡಿಗಳು', 'ಫೀಟ್' ಅಂತ ಪಟ್ಟಿ ಬೆಳೀತಾ ಹೋಗುತ್ತೆ. ಪದದ ಉತ್ತರ ಇನ್ನೂ ಕಷ್ಟ. ನೀವು 'ನಾಲೆ' ಅಂತ ಕೊಟ್ಟಿರ್ತೀರಿ, ಮಂಡ್ಯದ ಕಡೆ ಅರ್ಧ ಜನ 'ಚಾನಲ್' ಅಂತಾರೆ, ಪುಸ್ತಕ ಓದಿದವರು 'ಕಾಲುವೆ' ಅಂತಾರೆ. ಮೂರೂ ಸರಿಯೇ.

ಕಣ್ಣಿಗೆ ಕಾಣದ ತಂಟೆಯೂ ಉಂಟು. 'ಕೊ' ಅನ್ನೋದರ ಸ್ವರಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರಬಹುದು, ಎತ್ವ ಮತ್ತು ಊಕಾರದ ಕೊಂಬು ಎರಡು ಸೇರಿಯೂ ಬರಬಹುದು. ಪರದೆಯಲ್ಲಿ ಎರಡೂ ಒಂದೇ, ತಾಳೆ ನೋಡಿದರೆ ಬೇರೆ ಬೇರೆ. ಪರಿವರ್ತಕದಿಂದ ಬಂದ 'ಕೊಳವೆಬಾವಿ'ಯನ್ನ ಉತ್ತರವಾಗಿ ಪೇಸ್ಟ್ ಮಾಡೋದು ಬಿಟ್ಟು, ಉತ್ತರದ ಪದಗಳನ್ನಾದರೂ ಕೀಬೋರ್ಡಿನಲ್ಲಿ ಹೊಸದಾಗಿ ಟೈಪ್ ಮಾಡಿ.

ನನ್ನ ಕೇಳಿದರೆ ಟೈಪಿಂಗೇ ಬೇಡ. ಅದೇ ಪಟ್ಟಿಯಲ್ಲಿ ಯೂಸರ್ ಇನ್‌ಪುಟ್ ಬದಲು ಡ್ರಾಪ್‌ಡೌನ್ ಆರಿಸಿ, ಸರಿಯಾದ್ದಕ್ಕೆ ಗುರುತು ಹಾಕಿ. ಕನ್ನಡ ಕೀಬೋರ್ಡೇ ಇಲ್ಲದ ಫೋನಿನಲ್ಲಿ ಕೂತವರಿಗೆ ನೀರಿನ ವಿಷಯ ಗೊತ್ತಿದ್ದರೂ ಅಂಕ ಹೋಗೋದು ಅನ್ಯಾಯ.

ಬಹುಆಯ್ಕೆಗೆ: ಕ್ರಮಸಂಖ್ಯೆಯ ಪಟ್ಟಿಯಲ್ಲಿ ಅ, ಆ, ಇ ಇಲ್ಲ. ಕೈಯಲ್ಲಿ 'ಅ)' ಅಂತ ಬರೆದು ಷಫಲ್ (ಆಯ್ಕೆಗಳ ಕ್ರಮ ಕಲಸೋದು) ಆನ್ ಮಾಡಿದರೆ ಇ, ಅ, ಈ, ಆ ಅಂತ ಬರುತ್ತೆ, ನಗೆಪಾಟಲು. ಅಂಕಿ ಇಟ್ಟುಕೊಳ್ಳಿ. 'ಮೇಲಿನ ಎಲ್ಲವೂ' ಅನ್ನೋ ಆಯ್ಕೆ ಇರೋ ಪ್ರಶ್ನೆಗೆ ಷಫಲ್ ತೆಗೆದುಬಿಡಿ.

ಮದ್ದೂರ್‌ವಡೆ:

12 ಸ್ಲೈಡಿಗೆ ರೀಸೆಟ್ ಆಯಿತು, ಪ್ಲಸ್ ಗುರುತೂ ಹೋಯಿತು. ಒತ್ತು ಸರಿಯಾಗಿದೆ. ಲೇಬಲ್ ಒಂದು ಉಳಿದಿದೆ. 46 ಸ್ಲೈಡಿನಲ್ಲೂ ಕೈಯಲ್ಲಿ ಬದಲಾಯಿಸೋದೇ ಗತಿಯಾ? 'ಕರೆಕ್ಟ್, ಎಲ್ಲಾದರೂ ಕ್ಲಿಕ್ ಮಾಡಿ ಅಥವಾ ವೈ ಒತ್ತಿ' ಅಂತ ಇಂಗ್ಲಿಷಲ್ಲಿ ಬರುತ್ತಲ್ಲ, ಫೋನಿನಲ್ಲಿ ವೈ ಎಲ್ಲಿಂದ ತರೋದು? ಬರೀ 'ಸರಿ ಉತ್ತರ' ಅಂತ ಇಟ್ಟರೆ ಆಗಲ್ಲವೇ?

ಕುಕ್ಕರಹಳ್ಳಿ ಏರಿ:

ಬರೀ 'ಸರಿ ಉತ್ತರ' ಅಂತ ಇಡಬೇಡಿ. ಕ್ಯಾಪ್ಟಿವೇಟಿನಲ್ಲಿ ಉತ್ತರ ಒಪ್ಪಿಸೋದು ಎರಡು ಹೆಜ್ಜೆ. ಬಟನ್ ಒತ್ತಿದಾಗ ಅಂಕ ದಾಖಲಾಗಿ ಫೀಡ್‌ಬ್ಯಾಕ್ ಬರುತ್ತೆ. ಇನ್ನೊಮ್ಮೆ ಒತ್ತಿದಾಗಲೇ ಸ್ಲೈಡು ಮುಂದಕ್ಕೆ ಹೋಗುತ್ತೆ. ಆ ಎರಡನೇ ಒತ್ತಿನ ಸುಳಿವು ತೆಗೆದರೆ ಜನ ಪರದೆ ನೋಡ್ತಾ ಕೂತಿರ್ತಾರೆ, ಕೋರ್ಸು ನಿಂತುಹೋಯ್ತು ಅಂತಾರೆ. 'ಸರಿ ಉತ್ತರ. ಮುಂದಕ್ಕೆ ಹೋಗಲು ಪರದೆಯ ಮೇಲೆ ಎಲ್ಲಾದರೂ ಒತ್ತಿ' ಅಂತ ಹಾಕಿ, ವೈ ಮಾತ್ರ ಬಿಡಿ.

ಅಂದಹಾಗೆ ಪ್ರಶ್ನೆ ಸ್ಲೈಡು ಸಾಮಾನ್ಯವಾಗಿ 3 ಸೆಕೆಂಡು, 1.5ನೇ ಸೆಕೆಂಡಿಗೆ ನಿಲ್ಲುತ್ತೆ. ಸರಿ ಉತ್ತರಕ್ಕೆ ಕಂಟಿನ್ಯೂ ಕ್ರಿಯೆ ಇದ್ದರೆ ಉಳಿದ 1.5 ಸೆಕೆಂಡು ಓಡಿ ಮುಂದಿನದಕ್ಕೆ ಹೋಗುತ್ತೆ. ತಡವಾಗ್ತಿದೆ ಅನ್ನಿಸಿದರೆ ಟೈಮ್‌ಲೈನಿನಲ್ಲಿ ಆ ನಿಲುಗಡೆಯ ಗುರುತನ್ನ ಕೊನೆಯ ಹತ್ತಿರಕ್ಕೆ ಎಳೆಯಿರಿ.

ಅಗ್ರಹಾರ ಸರ್ಕಲ್:

ಲೇಬಲ್ಲಿಗೆ: ಬಹುಆಯ್ಕೆ, ಸರಿ-ತಪ್ಪು ಎರಡನ್ನೂ ಗಿಫ್ಟ್ (GIFT, ಪ್ರಶ್ನೆ-ಉತ್ತರ ಬರೆಯೋಕೆ ಇರೋ ಸರಳ ಪಠ್ಯದ ಬಗೆ) ಫೈಲಾಗಿ ಬರೆದು ಹೊಸದಾಗಿ ಇಂಪೋರ್ಟ್ ಮಾಡಿ. 32 ಪ್ರಶ್ನೆ ಒಂದೇ ಏಟಿಗೆ ಬರುತ್ತೆ, ಹೊಸ ಮಾಸ್ಟರ್, ಹೊಸ ಕನ್ನಡ ಲೇಬಲ್ ಹೊತ್ತುಕೊಂಡೇ ಬರುತ್ತೆ. ಹಳೆಯವನ್ನ ಅಳಿಸಿಬಿಡಿ. ಉಳಿದ 14ನ್ನ ಕೈಯಲ್ಲಿ ಮಾಡೋದು ಒಂದು ಮಧ್ಯಾಹ್ನದ ಕೆಲಸ.

ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8. ಪ್ರಶ್ನೆಗಳು ಎಕ್ಸೆಲ್‌ನಲ್ಲಿದ್ದು ಸಿಎಸ್‌ವಿ ದಾರಿ ಹಿಡಿದರೆ 'ಸಿಎಸ್‌ವಿ ಯುಟಿಎಫ್-8' ಅನ್ನೋ ಬಗೆಯನ್ನೇ ಆರಿಸಿ, ಬರೀ ಸಿಎಸ್‌ವಿ ಅಂದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತೆ. ಗಿಫ್ಟಿನಲ್ಲಿ ಸಮ ಚಿಹ್ನೆ, ಕೋಲನ್, ಪುಷ್ಪಾವರಣ, ಹ್ಯಾಷ್, ಟಿಲ್ಡೆ ಇವಕ್ಕೆ ವಿಶೇಷ ಅರ್ಥ. '1 ಕ್ಯುಸೆಕ್ = ಸೆಕೆಂಡಿಗೆ ಎಷ್ಟು ಲೀಟರ್?' ಅಂತ ನೇರವಾಗಿ ಬರೆದರೆ ಎಡವುತ್ತೆ. ಸಮ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿ, ಅಥವಾ '1 ಕ್ಯುಸೆಕ್ ಅಂದರೆ' ಅಂತ ಬರೆದುಬಿಡಿ. ಉತ್ತರ 28.3.

ಬೆಲ್ಲದಚ್ಚು:

ಅಳಿಸೋ ಮೊದಲು ಫೈಲಿನ ಒಂದು ಪ್ರತಿ ಎತ್ತಿಡಿ. ಆ 46ರಲ್ಲಿ ಯಾವುದಾದರೂ ಕ್ವೆಶ್ಚನ್ ಪೂಲ್‌ನಲ್ಲಿ (ಪ್ರಶ್ನೆಗಳನ್ನ ಎತ್ತಿಕೊಳ್ಳೋಕೆ ಇಟ್ಟ ಸಂಗ್ರಹ) ಇದ್ದರೆ ಫಿಲ್ಮ್‌ಸ್ಟ್ರಿಪ್‌ನಲ್ಲಿ, ಅಂದರೆ ಸ್ಲೈಡುಗಳ ಸಾಲಿನಲ್ಲಿ, ಕಾಣಲ್ಲ. ವಿಂಡೋ ಮೆನುವಿನ ಕ್ವೆಶ್ಚನ್ ಪೂಲ್ ಪ್ಯಾನಲ್ ತೆಗೆದು ಅಲ್ಲಿ ಬೇರೆಯಾಗಿ ಮಾಸ್ಟರ್ ರೀಸೆಟ್ ಮಾಡಬೇಕು.

ಮದ್ದೂರ್‌ವಡೆ:

ಪೂಲ್ ಬಳಸಿಲ್ಲ. ಗಿಫ್ಟ್ ಇಂಪೋರ್ಟ್ ಆಯಿತು, 32ಕ್ಕೂ 'ಇದೇ ಉತ್ತರ' ಬಂತು. ಕೊನೇದೊಂದು: ರಿಸಲ್ಟ್ ಮಾಸ್ಟರ್‌ನಲ್ಲಿ ಮತ್ತೆ ಬರೆಯೋ ಬಟನ್ನಿಗೆ ಜಾಗ ಮಾಡಿದೆ, ಪ್ರಿವ್ಯೂನಲ್ಲಿ ಆ ಬಟನ್ ಬರ್ತಿಲ್ಲ.

ಕುಕ್ಕರಹಳ್ಳಿ ಏರಿ:

ಕ್ವಿಜ್ ಪ್ರಿಫರೆನ್ಸಸ್, ಪಾಸ್ ಆರ್ ಫೇಲ್. ಅಲ್ಲಿ ಅವಕಾಶ 1 ಅಂತಿರುತ್ತೆ. 2 ಅಥವಾ ಹೆಚ್ಚು ಮಾಡಿ, 'ಶೋ ರೀಟೇಕ್ ಬಟನ್' ಅನ್ನೋದಕ್ಕೆ ಟಿಕ್ ಹಾಕಿ, ಬರುತ್ತೆ. ಇದು ಇಡೀ ಕ್ವಿಜ್ಜಿನ ಅವಕಾಶ. ಒಂದೊಂದು ಪ್ರಶ್ನೆಯ ಅವಕಾಶ ಕ್ವಿಜ್ ಪ್ರಾಪರ್ಟೀಸ್‌ನಲ್ಲಿ ಬೇರೆ ಇದೆ, ಅದನ್ನ ಮುಟ್ಟಬೇಡಿ.