ಪ್ರಶ್ನೋತ್ತರ: ಬೇರೆ ಪ್ರಕಾಶಕರ ಸೂಪರ್‌ಹೀರೋವನ್ನು ಹೋಲುವ ಪಾತ್ರ ಮತ್ತು ಕೃತಿಸ್ವಾಮ್ಯ

ಪ್ರಶ್ನೆ: ನಾನು ಬೆಂಗಳೂರಿನ ಚಿತ್ರಕಲಾವಿದ, ಕನ್ನಡದಲ್ಲಿ ಒಂದು ಕಾಮಿಕ್ಸ್ ಸರಣಿಯನ್ನು ರೂಪಿಸುತ್ತಿದ್ದೇನೆ. ಅಮೆರಿಕದ ಕಾಮಿಕ್ಸ್ ಪ್ರಕಾಶಕ ಮಾರ್ವೆಲ್‌ನ ‘ಸ್ಕ್ವಾಡ್ರನ್ ಸುಪ್ರೀಂ’ ತಂಡದ ಹೈಪೀರಿಯನ್, ಪ್ರತಿಸ್ಪರ್ಧಿ ಪ್ರಕಾಶಕ ಡಿಸಿಯವರ ಸೂಪರ್‌ಮ್ಯಾನ್‌ನ ಪಡಿಯಚ್ಚು, ನೈಟ್‌ಹಾಕ್ ಬ್ಯಾಟ್‌ಮ್ಯಾನ್‌ನ ಪಡಿಯಚ್ಚು ಎಂಬುದು ಓದುಗರೆಲ್ಲರಿಗೂ ಗೊತ್ತು. ಇದಕ್ಕಾಗಿ ಡಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ಕೇಳಿಲ್ಲ. ಹಾಗಿದ್ದರೆ ಹೆಸರು, ಬಣ್ಣ ಬದಲಿಸಿ ನಾನೂ ಅಂತಹ ತಂಡವನ್ನು ಬಿಡಿಸಬಹುದೇ?

ಉತ್ತರ (ಬೌದ್ಧಿಕ ಆಸ್ತಿ ವಕೀಲರು): ಹೂಡದೆ ಬಿಟ್ಟ ದಾವೆಯಿಂದ ಮೂರನೆಯವರಿಗೆ ಹಕ್ಕು ಹುಟ್ಟುವುದಿಲ್ಲ. 1969ರಲ್ಲಿ ಮಾರ್ವೆಲ್ ಈ ತಂಡದ ಮೊದಲ ರೂಪವನ್ನು ಖಳರಾಗಿ ತಂದಿತು. 1971ರಲ್ಲಿ ಡಿಸಿ ಕೂಡ ತನ್ನ ಜಸ್ಟಿಸ್ ಲೀಗ್ ಪುಸ್ತಕದಲ್ಲಿ ಮಾರ್ವೆಲ್‌ನ ಥಾರ್ ಮೊದಲಾದವರನ್ನು ಹೋಲುವ ಪಾತ್ರಗಳನ್ನು ಕುಣಿಸಿತು. ಇಬ್ಬರ ಕೈಗೂ ಮಸಿ ಅಂಟಿರುವಾಗ ದೂರು ಕೊಡುವ ಉತ್ಸಾಹ ಸಹಜವಾಗಿಯೇ ಕಡಿಮೆ ಎಂಬುದು ನನ್ನ ಊಹೆ. ನಿಮ್ಮ ವಿಷಯದಲ್ಲಿ ಅಂತಹ ಸಮತೋಲನವಿಲ್ಲ.

ದಾವೆ ಹೂಡಿದಾಗ ಏನಾಯಿತು ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. 1939ರಲ್ಲಿ ವಿಕ್ಟರ್ ಫಾಕ್ಸ್ ಎಂಬ ಪ್ರಕಾಶಕರು ವಿಲ್ ಐಸ್ನರ್ ಅವರಿಂದ ‘ವಂಡರ್ ಮ್ಯಾನ್’ ಎಂಬ ಪಾತ್ರವನ್ನು ಬರೆಸಿದರು. ಅದು ಸೂಪರ್‌ಮ್ಯಾನ್‌ನ ನಕಲೆಂದು ಡಿಸಿ ದಾವೆ ಹೂಡಿತು, ಪಾತ್ರ ಒಂದೇ ಸಂಚಿಕೆಗೆ ನಿಂತಿತು. 1940ರ ತೀರ್ಪಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಆಗಸ್ಟಸ್ ಹ್ಯಾಂಡ್ ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದಾರೆ: ಇಬ್ಬರೂ ಸಾಧಾರಣ ಉಡುಪಿನಡಿ ತಮ್ಮ ಬಲವನ್ನು ಮರೆಸಿಕೊಳ್ಳುತ್ತಾರೆ, ಇಬ್ಬರ ಮೈಗೂ ಗುಂಡು ತಾಗಿ ಹಿಂದಿರುಗುತ್ತದೆ, ಇಬ್ಬರೂ ಪಿಸ್ತೂಲನ್ನು ಕೈಯಲ್ಲೇ ಹಿಸುಕುತ್ತಾರೆ, ಇಬ್ಬರೂ ಕಟ್ಟಡಗಳ ಮೇಲಿಂದ ಜಿಗಿಯುತ್ತಾರೆ. ಅವರ ಕಣ್ಣಿಗೆ ಉಳಿದ ನಿಜವಾದ ವ್ಯತ್ಯಾಸ, ಒಬ್ಬನದು ನೀಲಿ ಸಮವಸ್ತ್ರ, ಇನ್ನೊಬ್ಬನದು ಕೆಂಪು ಎಂಬುದಷ್ಟೇ. ಆದರೆ ಲೋಕೋಪಕಾರಿಯಾದ ಬಲಶಾಲಿ ಎಂಬ ಸಾಮಾನ್ಯ ಕಲ್ಪನೆಯ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ ಎಂದು ಅದೇ ತೀರ್ಪು ಹೇಳಿ, ಕೆಳ ನ್ಯಾಯಾಲಯದ ತಡೆಯಾಜ್ಞೆಯನ್ನು ಮೊಟಕುಗೊಳಿಸಿತು.

ಫಾಸೆಟ್ ಸಂಸ್ಥೆಯ ‘ಕ್ಯಾಪ್ಟನ್ ಮಾರ್ವೆಲ್’ ಇಷ್ಟು ಸುಲಭದ ಪ್ರಕರಣವಾಗಿರಲಿಲ್ಲ. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ‘ಶಜಾಮ್’ ಎಂದೊಡನೆ ವೀರನಾಗುವುದು ಸೂಪರ್‌ಮ್ಯಾನ್‌ನಲ್ಲಿ ಇಲ್ಲದ ಕಲ್ಪನೆ. ಆದರೂ 1941ರಲ್ಲಿ ಡಿಸಿ ಹೂಡಿದ ದಾವೆ ಹತ್ತು ವರ್ಷಕ್ಕೂ ಹೆಚ್ಚು ಎಳೆಯಿತು. 1951ರಲ್ಲಿ ಲರ್ನೆಡ್ ಹ್ಯಾಂಡ್ (ಆಗಸ್ಟಸ್ ಅವರ ಸೋದರಸಂಬಂಧಿ) ನಕಲನ್ನು ಸಂಚಿಕೆ ಸಂಚಿಕೆಯಾಗಿ ಪರಿಶೀಲಿಸಬೇಕೆಂದು ಪ್ರಕರಣವನ್ನು ಹಿಂದಕ್ಕೆ ಕಳುಹಿಸಿದರು. 1953ರಲ್ಲಿ ಫಾಸೆಟ್ ರಾಜಿಗೆ ಬಂದು, ಹಣ ತೆತ್ತು, ಪಾತ್ರವನ್ನೇ ನಿಲ್ಲಿಸಿತು. ಪೂರ್ಣ ಸೋಲನ್ನು ಕಾಣುವ ಮೊದಲೇ ದಾವೆಯ ವೆಚ್ಚ ಮತ್ತು ಕುಗ್ಗುತ್ತಿದ್ದ ಮಾರಾಟ ಪ್ರಕಾಶಕರನ್ನು ಸುಸ್ತುಗೊಳಿಸಬಲ್ಲವು ಎಂಬುದನ್ನು ಸಣ್ಣ ಪ್ರಕಾಶಕರು ಗಮನಿಸಬೇಕು.

ಮರುಪ್ರಶ್ನೆ: ಇವೆಲ್ಲ ಅಮೆರಿಕದ ಮಾತು. ಇಲ್ಲಿಯ ಕಾನೂನು ಏನು ಹೇಳುತ್ತದೆ? ವಿಡಂಬನೆ ಎಂದು ಮುದ್ರಿಸಿದರೆ ಸಾಲದೇ? ನನ್ನ ನಾಯಕ ನಾಶವಾದ ಗ್ರಹದಿಂದ ಬಂದವನು, ಹಗಲಲ್ಲಿ ಕನ್ನಡಕ ಧರಿಸಿದ ವರದಿಗಾರ, ಕೆಂಪು ಮೇಲುವಸ್ತ್ರ ಹೊದ್ದು ಹಾರುತ್ತಾನೆ.

ಉತ್ತರ: ಅಂತರರಾಷ್ಟ್ರೀಯ ಒಡಂಬಡಿಕೆಗಳಿಂದಾಗಿ ಅಮೆರಿಕದ ಕೃತಿಗಳಿಗೆ ಭಾರತದಲ್ಲೂ ರಕ್ಷಣೆಯಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ‘ಪಾತ್ರ’ ಎಂಬುದನ್ನು ಪ್ರತ್ಯೇಕ ಕೃತಿಯಾಗಿ ಹೆಸರಿಸುವುದಿಲ್ಲ. ರೇಖಾಚಿತ್ರ ಕಲಾಕೃತಿಯಾಗಿ, ಕಥೆ ಸಾಹಿತ್ಯಕೃತಿಯಾಗಿ ರಕ್ಷಣೆ ಪಡೆಯುತ್ತವೆ. 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ಪನೆಗೆ ರಕ್ಷಣೆಯಿಲ್ಲ, ಎರಡನ್ನೂ ಕಂಡವರಿಗೆ ಎರಡನೆಯದು ಮೊದಲನೆಯದರ ನಕಲೆಂದು ನಿಸ್ಸಂದೇಹವಾಗಿ ಅನಿಸಿದರೆ ಮಾತ್ರ ಉಲ್ಲಂಘನೆ ಎಂದಿತು. ಕಾಮಿಕ್ಸ್‌ಗೆ ಹತ್ತಿರದ ಉದಾಹರಣೆ ಹಿಂದಿಯದು: ನಾಗರಾಜ್ ಎಂಬ ಪಾತ್ರದ ಪ್ರಕಾಶಕರು ‘ನಾಗೇಶ್’ ಎಂಬ ಪಾತ್ರದ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಎರಡೂ ಹೆಸರಿಗೆ ಹಾವುಗಳ ಒಡೆಯನೆಂಬ ಅರ್ಥ, ಹಾವಿನ ಚರ್ಮದಂತಹ ಹಸಿರು ಮೈಯುಡುಪು, ಕೆಂಪು ಚಡ್ಡಿ, ಹಾವಿನಂತಹ ಸೊಂಟಪಟ್ಟಿ ಎಂಬ ಸಾಮ್ಯಗಳು ಒಟ್ಟಾಗಿ ಪ್ರತಿವಾದಿಗೆ ಮುಳುವಾದವು.

ವಿಡಂಬನೆಗೆ ನಮ್ಮ ಕಾಯ್ದೆಯಲ್ಲಿ ಹೆಸರಿಸಿದ ವಿನಾಯಿತಿಯಿಲ್ಲ. 52ನೇ ಕಲಮಿನ ವಿಮರ್ಶೆಯ ವಿನಾಯಿತಿಯನ್ನು ವಾದಿಸಬಹುದು; ಅದಕ್ಕೆ ನಿಮ್ಮ ಕಥೆ ಮೂಲಪಾತ್ರದ ಬಗ್ಗೆ ಏನನ್ನಾದರೂ ಹೇಳುತ್ತಿರಬೇಕು, ಮುಖಪುಟದಲ್ಲಿ ‘ವಿಡಂಬನೆ’ ಎಂದು ಅಚ್ಚು ಹಾಕಿದರೆ ಸಾಲದು. ಹೆಸರು ಮತ್ತು ಲಾಂಛನಗಳಿಗೆ ಟ್ರೇಡ್‌ಮಾರ್ಕ್ ಕಾನೂನೂ ಅಡ್ಡ ಬರುತ್ತದೆ: ಮುಂದೆ ಕ್ಯಾಪ್ಟನ್ ಮಾರ್ವೆಲ್‌ನನ್ನು ಪಡೆದ ಡಿಸಿ, 1973ರಲ್ಲಿ ಆ ಪುಸ್ತಕವನ್ನು ‘ಶಜಾಮ್’ ಎಂಬ ಹೆಸರಿನಲ್ಲೇ ತರಬೇಕಾಯಿತು, ಏಕೆಂದರೆ ಅಷ್ಟರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಹೆಸರು ಮಾರ್ವೆಲ್ ಸಂಸ್ಥೆಯದಾಗಿತ್ತು.

ನಿಮ್ಮ ನಾಯಕನ ವಿಷಯಕ್ಕೆ ಬಂದರೆ, ಹಾರಾಟ ಯಾರೊಬ್ಬರ ಸ್ವತ್ತೂ ಅಲ್ಲ, ಮೇಲುವಸ್ತ್ರವೂ ಅಲ್ಲ. ಆದರೆ ನಾಶವಾದ ಗ್ರಹ, ಕನ್ನಡಕ, ವರದಿಗಾರನ ವೇಷ ಮತ್ತು ಕೆಂಪು ಬಣ್ಣ ಒಂದೇ ಮೈಮೇಲೆ ಸೇರಿದಾಗ ನ್ಯಾಯಾಧೀಶರಿಗೆ ಪಟ್ಟಿ ಬರೆಯಲು ನೀವೇ ಕಾಗದ ಕೊಟ್ಟಂತಾಗುತ್ತದೆ. ಮೊದಲು ಗ್ರಹವನ್ನೂ ವೃತ್ತಿಯನ್ನೂ ಬದಲಿಸಿ, ಆಮೇಲೆ ಬಣ್ಣದ ಬಗ್ಗೆ ಯೋಚಿಸಿ.